ಒಡೆಯಲೆಂದು ಎಬ್ಬಿಸಿದ ದೋಣಿ

ಮನೆ,
ಭಾನುವಾರ, ಮಾರ್ಚ್ ೧೦

ಪ್ರೀತಿಯ ಅಪ್ಪಾ,

ಫೋನ್ ಇರುವಾಗ ಪತ್ರ ಬರೆದು ಗಾಬರಿ ಮಾಡಿದ್ದಕ್ಕೆ ಸಾರಿ. ಯಾರಿಗೂ ಏನೂ ಆಗಿಲ್ಲ. ಫೋನಿನಲ್ಲಿ ನಾನು ಪಿಸುಗುಟ್ಟಿದರೂ ಅಮ್ಮನಿಗೆ ಅಡುಗೆಮನೆಯಿಂದಲೇ ಕೇಳಿಸುತ್ತದೆ, ಅದಕ್ಕೇ ಪತ್ರ. ಹಾಸ್ಟೆಲಿನಲ್ಲಿ ಬೆಳೆದವಳ ಕನ್ನಡ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನಿಮ್ಮ ಸೊಂಟನೋವು ಹೇಗಿದೆ? ಆ ದೂರದ ಬಂದರಿನಲ್ಲಿ ಕ್ರೇನ್ ಹತ್ತಿ ಇಳಿಯುವುದನ್ನು ಕಡಿಮೆ ಮಾಡಿದ್ದೀರಾ? ಮಾತ್ರೆ ನುಂಗುತ್ತಿದ್ದೀರಿ ಅಂದುಕೊಂಡಿದ್ದೇನೆ. ಅಂದುಕೊಳ್ಳುವುದಷ್ಟೇ ನನ್ನ ಕೈಯಲ್ಲಿರುವುದು.

ವಿಷಯ ನಮ್ಮ ದೋಣಿಯದು. ಸಮುದ್ರದಲ್ಲಿ ಮೀನಿಗಿಂತ ಬಲೆಯೇ ಜಾಸ್ತಿ, ಮೂರು ವರ್ಷದಲ್ಲಿ ದೋಣಿಗಳ ಒಟ್ಟು ಬಲವನ್ನು, ಅಂದರೆ ಮೀನು ಹಿಡಿಯುವ ಕೆಪ್ಯಾಸಿಟಿಯನ್ನು, ಐದರಲ್ಲೊಂದು ಪಾಲು ಇಳಿಸಬೇಕು ಅನ್ನುವುದು ಸರ್ಕಾರದ ಟಾರ್ಗೆಟ್. ಫಸ್ಟ್ ಸೆಮಿಸ್ಟರಿನಲ್ಲಿ ನಮಗೂ ಇದೇ ಪಾಠ. ಒಳ್ಳೆಯ ಪಾಲಿಸಿ ಎಂದು ಪರೀಕ್ಷೆಯಲ್ಲಿ ಎರಡು ಪುಟ ಗೀಚಿದ್ದೆ. ದೋಣಿಯನ್ನು ಒಡೆಯಲು ಒಪ್ಪಿಸಿದರೆ ಸರ್ಕಾರದಿಂದ ಪರಿಹಾರ ಬರುತ್ತದೆ, ನೀವು ವಾಪಸ್ ಬಂದು ಇಂಜಿನ್ ರಿಪೇರಿ ಶೆಡ್ ಹಾಕಬಹುದು ಎಂದು ನೀವು ಹೇಳಿದಂತೆಯೇ ಅರ್ಜಿ ಕೊಟ್ಟೆವು. ಇಲಾಖೆಯ ಸಾಹೇಬರು ಟೇಪು ಹಿಡಿದು ಬಂದರು. ಉದ್ದ, ಅಗಲ, ಇಂಜಿನ್ನಿನ ಪವರ್, ಎಲ್ಲ ನೋಡಿದರು. ಕೊನೆಗೆ ತಳದ ಒಣ ಪಾಚಿ ಕೆರೆದು, "ಇದು ನಿಂತು ಎರಡು ವರ್ಷ ಆಗಿದ್ಯಲ್ಲಮ್ಮ. ನಿಂತಿರೋದನ್ನ ಒಡೆದ್ರೆ ಮೀನಿಗೇನು ಉಪಕಾರ? ಈ ಸೀಸನ್ನಲ್ಲಿ ಮೀನು ಹಿಡಿದಿರೋ ದೋಣಿ ಮಾತ್ರ ಲೆಕ್ಕಕ್ಕೆ. ಇನ್ನೂ ಟೈಮಿದೆ, ನಾಲ್ಕು ಸಲ ಹೋಗ್ಬನ್ನಿ" ಅಂದರು. ಅಮ್ಮ ಸುಮ್ಮನಿರುತ್ತಾಳಾ? "ಅಂದ್ರೆ ಕೊಲ್ಲೋಕೆ ಮೊದ್ಲು ಬದುಕಿಸ್ಬೇಕು ಅನ್ನಿ!" ಸಾಹೇಬರೇ ನಕ್ಕುಬಿಟ್ಟರು.

ಚಿಕ್ಕಪ್ಪ ಇಂಜಿನ್ ಬಿಚ್ಚಿ ಕಟ್ಟಿದರು. ಚುಕ್ಕಾಣಿಗೆ ಯಾರು ಎಂದು ನಾವು ಮುಖ ಮುಖ ನೋಡುತ್ತಿದ್ದಾಗ ಅಮ್ಮ ತಾನೇ ಹೋಗಿ ಕೂತಳು. ಮದುವೆಗೆ ಮುಂಚೆ ತಾತನ ಜೊತೆ ಹೋಗುತ್ತಿದ್ದಳಂತೆ. ನಿಮಗೆ ಗೊತ್ತಿತ್ತಾ? ನನಗಂತೂ ಯಾರೂ ಹೇಳಿರಲಿಲ್ಲ! ನಾನೂ ಹತ್ತಿದೆ, ದಡ ಇನ್ನೂ ಕಾಣುತ್ತಿರುವಾಗಲೇ ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ. "ಹಾಸ್ಟೆಲ್ ಅನ್ನ ಮೀನೂ ಮುಟ್ಟಲ್ಲ ಕಣೇ" ಎಂದು ಅಮ್ಮ ಬಿದ್ದು ಬಿದ್ದು ನಕ್ಕಳು. ನೀರಿನ ಬಣ್ಣ ನೋಡಿಯೇ ದೋಣಿ ತಿರುಗಿಸುತ್ತಿದ್ದಳು. ಹೇಗೆ ಗೊತ್ತಾಗುತ್ತೆ ಎಂದರೆ, "ಕೇಳ್ಬೇಡ, ನೋಡು." ಸಾಹೇಬರು ಅಮ್ಮನನ್ನು ಅಳೆಯಲೇ ಇಲ್ಲವಲ್ಲ, ಹಾಗಾದರೆ ಕೆಪ್ಯಾಸಿಟಿ ಅಂದರೆ ಆಕ್ಚುಲಿ ಏನಪ್ಪಾ? ಲೆಕ್ಚರರನ್ನು ಕೇಳೋಕೆ ಧೈರ್ಯವಿಲ್ಲ, ನಿಮ್ಮನ್ನು ಕೇಳುತ್ತಿದ್ದೇನೆ.

ಅರ್ಜಿ ಪಾಸಾಗಿದೆ. ತಿಂಗಳ ಕೊನೆಗೆ ಒಡೆಯುವವರು ಬರುತ್ತಾರೆ. ಈ ಪತ್ರದ ವಿಷಯ ಚಿಕ್ಕಪ್ಪನಿಗೆ ಮಾತ್ರ ಗೊತ್ತು, ನಿಮಗೆ ನಮಸ್ಕಾರ ತಿಳಿಸಿದ್ದಾರೆ. ಹೊತ್ತು ಹೊತ್ತಿಗೆ ಊಟ ಮಾಡಿ.

ನಿಮ್ಮ,
ಪುಟ್ಟಿ

ಮರೆತಿದ್ದು: ಮರೆತಿದ್ದಲ್ಲ, ಬರೆಯೋಕೆ ಹೆದರಿಕೆ. ಬೇಕಾಗಿದ್ದ ನಾಲ್ಕು ಸಲ ಯಾವಾಗಲೋ ಮುಗಿಯಿತು. ಅಮ್ಮ ಈಗಲೂ ದಿನಾ ಹೋಗುತ್ತಿದ್ದಾಳೆ. ನಿನ್ನೆ ದೋಣಿಗೆ ಹೊಸ ಹಗ್ಗ ತಂದಳು. ಒಡೆಯುವ ದೋಣಿಗೆ ಯಾರಾದರೂ ಹೊಸ ಹಗ್ಗ ತರುತ್ತಾರಾ? ದೋಣಿ ನಿಮ್ಮ ಹೆಸರಿನಲ್ಲಿದೆ, ಒಡೆಯುವುದು ಬೇಡ ಅನ್ನುವುದಿದ್ದರೆ ನೀವೇ ಅನ್ನಬೇಕು. ಆದರೆ ಪರಿಹಾರ ಬರದಿದ್ದರೆ ನೀವು ಬರುವುದೂ ಮುಂದಕ್ಕೆ ಹೋಗುತ್ತೆ ಅಂತಲೇ ಅವಳು ಬಾಯಿಬಿಡುತ್ತಿಲ್ಲ. ನನಗೆ ನೀವೂ ಬೇಕು, ಅವಳು ಹಾಗೆ ನಗುವುದೂ ಬೇಕು. ಏನು ಮಾಡೋಣ? ಬೇಗ ಉತ್ತರ ಬರೆಯಿರಿ.