ನಡುಮನೆಯಲ್ಲಿ ನಿಂತವಳು

ಜುಲೈ ೧೨, ಭಾನುವಾರ

ಮುದ್ದು ಗುಬ್ಬೀ,

ಹೇಗಿದ್ದೀಯೆ? ಉತ್ತರ ತಡವಾಯಿತು, ಬೈಯಬೇಡ. ಕಾಲೇಜು ಈಗಷ್ಟೇ ಶುರುವಾಗಿದೆ ಎಂದು ನೆಪ ಹೇಳಬಹುದಿತ್ತು. ಆದರೆ "ನೀವಿಬ್ಬರೂ ನೇರವಾಗಿ ಮಾತಾಡೋ ತನಕ ನಾನು ಮನೆಗೆ ಬರಲ್ಲ" ಎಂದು ಬರೆದಿದ್ದೆಯಲ್ಲ, ಅದನ್ನು ಓದಿದ ಮೇಲೆ ಪೆನ್ನು ಹಿಡಿಯಲು ಧೈರ್ಯ ಬರಲಿಲ್ಲ.

ಈ ವಾರ ಹೊಸ ಮಕ್ಕಳಿಗೆ ಸಂವಹನದ ಮೊದಲ ಪಾಠ ಮಾಡಿದೆ. ಬೋರ್ಡಿನ ಒಂದು ತುದಿಗೆ ಹೇಳುವವರು, ಇನ್ನೊಂದು ತುದಿಗೆ ಕೇಳುವವರು, ನಡುವೆ ಮಾಧ್ಯಮ, ಸುತ್ತ ಗದ್ದಲ, ಹಿಂದಿರುಗುವ ಬಾಣ ಪ್ರತಿಕ್ರಿಯೆ. ಸುಮ್ಮನಿರುವುದೂ ಒಂದು ಸಂದೇಶವೇ ಎಂದು ವರ್ಷವರ್ಷವೂ ಗಿಳಿಪಾಠ ಒಪ್ಪಿಸುವವಳು ನಾನು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಮಿಸ್, ಮಾಧ್ಯಮ ಮನುಷ್ಯರೇ ಆಗಿದ್ರೆ? ಅವರಿಗೂ ಏನಾದ್ರೂ ಹೇಳೋದಿರತ್ತಲ್ಲ?" ಎಂದಳು. ನೀನು ನೆನಪಾದೆ.

ನೀನು ಚಿಕ್ಕವಳಿದ್ದಾಗ ಅಡುಗೆಮನೆಯಿಂದ ನಾನು, "ನಿಮ್ಮಪ್ಪನಿಗೆ ಹೇಳು, ಊಟ ಬೇಕಿದ್ರೆ ಬರ್ಲಿ" ಎನ್ನುತ್ತಿದ್ದೆ. ನೀನು ನಡುಮನೆಯಲ್ಲಿ ನಿಂತು, "ಅಪ್ಪಾ, ಅಮ್ಮ ನಿಂಗೋಸ್ಕರ ಕಾಯ್ತಿದಾಳೆ" ಎಂದು ಸಕ್ಕರೆ ಬೆರೆಸಿ ದಾಟಿಸುತ್ತಿದ್ದೆ. ಅವರು ಗಡಿಯಾರ ರಿಪೇರಿಯ ಮೇಜಿನಿಂದ ತಲೆಯೆತ್ತದೆ ಗುರ್ ಎಂದರೆ, ನನಗೆ ಮುಟ್ಟುತ್ತಿದ್ದದ್ದು "ಈಗ್ಲೇ ಬಂದೆ ಅಂದ್ರು". ಎಂಟು ವರ್ಷದ ಮಗುವನ್ನು ಟೆಲಿಫೋನ್ ತಂತಿ ಮಾಡಿಕೊಂಡೆವು. ನಾಚಿಕೆಯಾಗುತ್ತದೆ ಕಣೆ.

ನಿನ್ನೆ ಅಪ್ಪನ ಎದುರು ಕುರ್ಚಿ ಎಳೆದುಕೊಂಡು ಕೂತೆ. "ಗುಬ್ಬಿ ನೇರವಾಗಿ ಮಾತಾಡಿ ಅಂದಿದಾಳೆ" ಎಂದೆ. "ಸರಿ, ಮಾತಾಡು" ಎಂದರು. ಇಬ್ಬರಿಗೂ ಏನೂ ತೋಚದೆ ನಗು ಬಂತು. ಆಮೇಲೆ ಊಟ ಆರುವವರೆಗೂ ಮಾತಾಡಿದೆವು. ಇನ್ನು ಬಾ, ಯಾರ ಮಾತನ್ನೂ ನೀನು ಹೊರಬೇಕಾಗಿಲ್ಲ.

ಹೊತ್ತು ಹೊತ್ತಿಗೆ ಊಟ ಮಾಡು. ನಿನ್ನ ಮನಸ್ಸು ಹಗುರಾಗಿರಲಿ, ನೂರು ಕಾಲ ಸುಖವಾಗಿರು.

ನಿನ್ನ
ಅಮ್ಮ

ತಾ.ಕ.: ನಾನು ಬಟ್ಟೆ ತುಂಬಿಕೊಂಡು ತವರಿಗೆ ಹೊರಟ ದಿನ ನೀನು ಬಾಗಿಲಿಗೆ ಓಡಿಬಂದು, "ಅಪ್ಪ ತಪ್ಪಾಯ್ತು ಅಂದ್ರು, ಹೋಗ್ಬೇಡ ಅಂದ್ರು" ಎಂದಿದ್ದೆ. ಆ ಒಂದು ಮಾತಿನ ಮೇಲೆ ನಾನು ಈ ಮನೆಯಲ್ಲಿ ಉಳಿದೆ. ನಿನ್ನೆ ಅದನ್ನು ಎತ್ತಿದಾಗ ಅಪ್ಪ ಕಣ್ಣು ಕಣ್ಣು ಬಿಟ್ಟರು. ಅವರು ಹಾಗೆ ಅಂದೇ ಇರಲಿಲ್ಲವಂತೆ. ನಿನ್ನ ಮೇಲೆ ಸಿಟ್ಟಿಲ್ಲ ಕಂದಾ, ಸಂಕಟ ಬೇರೆಯೇ. ಹೋಗಬೇಡ ಎಂದದ್ದು ನೀನು. ನಿನ್ನ ಮಾತಿಗೆ ಅಮ್ಮ ನಿಲ್ಲುವುದಿಲ್ಲ ಎಂದು ಆ ವಯಸ್ಸಿಗೇ ನಿನಗೆ ಅನ್ನಿಸಿಬಿಟ್ಟಿತ್ತೇ?