ಏಳು ಕಿಲೋ ಸಂಸಾರ

ಜೂನ್ 9, ಮಂಗಳವಾರ ಬೆಳಿಗ್ಗೆ
ಲಾಂಡ್ರಿಯ ಮೇಲಿನ ಕೋಣೆಯಿಂದ

ಪ್ರೀತಿಯ ಗುಬ್ಬಿಗೆ ಅಕ್ಕನ ಆಶೀರ್ವಾದಗಳು.

ನಾನಿಲ್ಲಿ ಕ್ಷೇಮ. ನೀನಲ್ಲಿ ಕ್ಷೇಮವೋ ಇಲ್ಲವೋ ತಿಳಿಯಬೇಕಾದರೆ ನೀನು ಒಂದು ಸಾಲಾದರೂ ಬರೆಯಬೇಕು ತಾನೆ? ಎರಡು ಕಾರ್ಡು ಹಾಕಿದೆ. ಹೂಂ ಇಲ್ಲ, ಉಹೂಂ ಇಲ್ಲ. ಚಿಕ್ಕಂದಿನಲ್ಲಿ ನಿನ್ನ ಬಾಯಿ ಮುಚ್ಚಿಸಲು ಅಪ್ಪ ಪಟ್ಟ ಪಾಡು ದೇವರಿಗೇ ಪ್ರೀತಿ. ಅದಕ್ಕೇ ಅಲ್ಲವೇ ನಿನಗೆ ಗುಬ್ಬಿ ಎಂದು ಹೆಸರು ಬಿದ್ದದ್ದು. ಅಂಥವಳು ನಾಲ್ಕು ತಿಂಗಳು ಸುಮ್ಮನಿದ್ದೀಯ ಎಂದರೆ ಸಿಟ್ಟು ಎಷ್ಟಿದೆಯೆಂದು ನನಗೆ ಅರ್ಥವಾಗುತ್ತದೆ.

ದೊಡ್ಡ ಕಾಗದ ಬರೆಯುತ್ತೇನೆ ಎಂದು ಕಾರ್ಡಿನಲ್ಲಿ ಬರೆದು ಎರಡು ತಿಂಗಳಾಯಿತು. ಮೊದಲ ಕೋಣೆಯಲ್ಲಿ ಮೇಜಿರಲಿಲ್ಲ, ಎರಡನೆಯದರಲ್ಲಿ ಕುರ್ಚಿ ಇರಲಿಲ್ಲ ಎಂದೆಲ್ಲ ನೆಪ ಹೇಳಬಹುದು. ನೀನು ನಂಬುವುದಿಲ್ಲ, ನಾನೂ ನಂಬುವುದಿಲ್ಲ. ಮೂರು ಸಲ ಶುರುಮಾಡಿ ಮೂರು ಸಲವೂ ಹರಿದು ಹಾಕಿದೆ. ಈ ಸಲ ಅಳೆದು ಸುರಿದು ಕೂರದೆ ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕೋಣೆಯಲ್ಲಿ ಎರಡು ಮಂಚಗಳಿವೆ. ಮುಂದಿನ ತಿಂಗಳ ಕೊನೆಯವರೆಗೂ ಹಿಡಿದಿದ್ದೇನೆ. ನೀನು ಬರಬೇಕು. ಬರುತ್ತೀಯೋ ಇಲ್ಲವೋ, ಅದೊಂದಕ್ಕೆ ಉತ್ತರ ಬರೆ. ಬೈಯುವುದನ್ನೆಲ್ಲ ಬಂದ ಮೇಲೆ ಎದುರಿಗೆ ಕೂರಿಸಿಕೊಂಡು ಬೈ.

ಅವತ್ತಿನ ಮಾತನ್ನು ಎತ್ತದೆ ಮುಂದೆ ಹೋಗುವಂತಿಲ್ಲ. ಮೂವತ್ತೊಂದು ವರ್ಷ ನಾವಿಬ್ಬರೂ ಸ್ಟೇಷನ್ನಿನ ಎದುರು ಕೂತು ಕಂಡವರ ಚೀಲ, ಸೂಟ್‌ಕೇಸು ರಿಪೇರಿ ಮಾಡಿದೆವು. ಹೊಲಿಯುವವಳು ನಾನು, ಗಿರಾಕಿಗಳ ಬಾಯಿ ಬಿಡಿಸುವವಳು ನೀನು. ಎಲ್ಲಿಗೆ ಹೋಗಿದ್ದಿರಿ, ಅಲ್ಲಿ ಜನ ಹೇಗಿದ್ದಾರೆ, ನೀರು ಹೇಗಿದೆ ಎಂದು ನೀನು ಕೇಳುತ್ತಿದ್ದೆ. ನಾನು ತಲೆ ಬಗ್ಗಿಸಿಕೊಂಡು ದಬ್ಬಣ ಚುಚ್ಚುತ್ತ ಕಿವಿಯನ್ನು ಅಲ್ಲೇ ಇಟ್ಟಿರುತ್ತಿದ್ದೆ. ಕೋಶ ಓದು, ದೇಶ ಸುತ್ತು ಎನ್ನುತ್ತಾರೆ. ನಾವು ಎರಡನ್ನೂ ಮಾಡದೆ ಬೇರೆಯವರ ಸೂಟ್‌ಕೇಸಿನ ಚಕ್ರ ಬದಲಾಯಿಸುತ್ತ ಮುದುಕಿಯರಾದೆವು. ಅಂಗಡಿ ಮುಚ್ಚಿದ ಮೇಲೆ ಇಬ್ಬರೂ ಹೊರಡುವುದೆಂದಾಯಿತು. ತಿಂಗಳಿಗೊಂದು ಊರು, ಒಂದೇ ಕೋಣೆ, ತಲೆಗೊಂದು ಚೀಲ, ಚೀಲಕ್ಕೆ ಏಳು ಕಿಲೋ. ನಿಯಮ ಮಾಡಿದವಳು ನಾನು. ಬಳಸಿ ಉಳಿದ ದಾರದ ತುಂಡನ್ನೂ ಬಿಸಾಡದ ನೀನು, ಪಾಪ, ಒಪ್ಪಿಕೊಂಡೆ.

ಹೊರಡುವ ದಿನ ಪ್ಲಾಟ್‌ಫಾರ್ಮಿನಲ್ಲಿ ಅಷ್ಟು ಜನರ ಎದುರು ನಾನು, ಗಿರಾಕಿಗಳ ಸಾಮಾನು ತೂಗಿ ಹೇಳಲು ಅಂಗಡಿಯಲ್ಲಿ ಇಟ್ಟುಕೊಂಡಿದ್ದ ಕೊಕ್ಕೆ ತಕ್ಕಡಿ ತೆಗೆದು ನಿನ್ನ ಚೀಲವನ್ನು ನೇತುಹಾಕಿದೆ. ಏಳು ಕಿಲೋ ಆರುನೂರು ಗ್ರಾಂ ತೋರಿಸಿತು.

"ಕಾಳಿನ ಅಂಗಡೀಲಿ ತೂಗಿಸಿಕೊಂಡೇ ಬಂದಿದ್ದೀನಿ ಅಕ್ಕ, ಸರಿಯಾಗಿ ಏಳಿತ್ತು" ಎಂದು ನೀನು ಹೇಳಿದೆ.

"ನಮ್ಮ ತಕ್ಕಡಿ ಸುಳ್ಳು ಹೇಳಲ್ಲ" ಎಂದೆ ನಾನು.

ನೀನು ಬೆಂಚಿನ ಮೇಲೆ ಚೀಲ ಬಿಚ್ಚಿ ಒಂದೊಂದಾಗಿ ತೆಗೆದಿಟ್ಟೆ. ಚಿಕ್ಕ ರೇಡಿಯೋ. ಬಟ್ಟೆ ಒಣಹಾಕುವ ಹಗ್ಗ. ನನ್ನ ಮಂಡಿನೋವಿಗೆಂದು ತಂದಿದ್ದ ಬಿಸಿನೀರಿನ ರಬ್ಬರ್ ಚೀಲ. ನಾನು ಬೇಡವೆಂದು ಮನೆಯಲ್ಲೇ ಬಿಟ್ಟದ್ದನ್ನು ನೀನು ನಿನ್ನ ಏಳು ಕಿಲೋದಲ್ಲಿ ಸೇರಿಸಿಕೊಂಡಿದ್ದೆ. ಆಮೇಲೆ ಎಲ್ಲವನ್ನೂ ಮತ್ತೆ ಒಳಗೆ ತುಂಬಿ, ಜಿಪ್ ಎಳೆದು, ನೀನೇ ಹೋಗಿ ಬಾ ಅಕ್ಕ ಎಂದು ಮನೆಗೆ ಹೊರಟುಹೋದೆ. ರೈಲು ಬಂತು, ನಾನು ಹತ್ತಿದೆ.

ಸಿಟ್ಟನ್ನು ಅಲ್ಲೇ ಒಂದು ಪಕ್ಕಕ್ಕಿಟ್ಟು ಸ್ವಲ್ಪ ಹೊತ್ತು ಕೇಳು. ನೋಡಿದ್ದನ್ನು ನಿನಗೆ ಹೇಳದಿದ್ದರೆ ನನಗೆ ಹೊಟ್ಟೆ ಉಬ್ಬಿಹೋಗುತ್ತದೆ.

ಮೊದಲ ಊರಿನಲ್ಲಿ ನನ್ನ ಕೋಣೆ ಗಡಿಯಾರ ರಿಪೇರಿ ಅಂಗಡಿಯ ಮೇಲೆ. ಕೆಳಗೆ ಅರವತ್ತು ಎಪ್ಪತ್ತು ಗಡಿಯಾರ, ಒಂದರ ಮಾತು ಒಂದು ಕೇಳುವುದಿಲ್ಲ. ಬೆಳಿಗ್ಗೆ ಒಂಬತ್ತು ಹೊಡೆಯಲು ಶುರುವಾದರೆ ಮುಗಿಯುವಾಗ ಒಂಬತ್ತೂಕಾಲು. ಇವುಗಳಲ್ಲಿ ಸರಿಯಾದ ಟೈಮು ಯಾವುದರಲ್ಲಿದೆಯಪ್ಪ ಎಂದು ಕೇಳಿದರೆ, ಅದು ಬೇಕಿದ್ದರೆ ಎದುರಿನ ಔಷಧಿ ಅಂಗಡಿಯಲ್ಲಿ ವಿಚಾರಿಸಿ ಎಂದ ಪುಣ್ಯಾತ್ಮ. ಎರಡನೆಯ ಊರು ನದಿದಡದ್ದು. ಅಲ್ಲಿ ದೋಣಿಗಳಿಗೆ ಹಗ್ಗ ಹೊಸೆಯುವವರದೇ ಒಂದು ಉದ್ದನೆಯ ಓಣಿ. ಹಗ್ಗ ಹೊಸೆಯುವವನು ಮುಂದಕ್ಕೆ ನಡೆಯುವುದಿಲ್ಲ ಗುಬ್ಬಿ, ಸೊಂಟಕ್ಕೆ ನಾರು ಸುತ್ತಿಕೊಂಡು ಬಿಡುತ್ತ ಬಿಡುತ್ತ ಹಿಂದಕ್ಕೆ ನಡೆಯುತ್ತಾನೆ. ನಾನು ಒಂದು ವಾರ ದಿನಾ ಹೋಗಿ ನಿಂತು ನೋಡಿದೆ. ಅವರಲ್ಲಿ ಒಬ್ಬ ಮುದುಕ, ನಲವತ್ತು ವರ್ಷದಿಂದ ದಿನಕ್ಕೆ ಎಂಟು ಮೈಲಿ ನಡೀತಿದ್ದೀನಿ, ಇನ್ನೂ ಈ ಓಣಿ ದಾಟಿಲ್ಲ ನೋಡಿ ಎಂದ. ಅವನಿಗೆ ಬೇಜಾರೇನೂ ಇರಲಿಲ್ಲ. ನನ್ನನ್ನೇ ಪಾಪ ಎಂಬಂತೆ ನೋಡಿ, ಊರೂರು ಅಲೀತೀರಲ್ಲ, ನಿಮಗೆ ಯಾರೂ ಇಲ್ಲವಾ ಎಂದು ಕೇಳಿದ. ತಂಗಿ ಇದ್ದಾಳೆ, ಹಿಂದಿನಿಂದ ಬರ್ತಾಳೆ ಎಂದುಬಿಟ್ಟೆ.

ಹೇಗೆ ಬದುಕುತ್ತೀಯ ಎಂದು ನೀನು ಕೇಳುತ್ತೀಯ, ಗೊತ್ತು. ಮೂರು ಜೊತೆ ಬಟ್ಟೆ, ಒಂದು ತಟ್ಟೆ, ಒಂದು ಲೋಟ, ಹೊದಿಕೆ, ಟಾರ್ಚು, ದಬ್ಬಣ ಮತ್ತು ಮೇಣದ ದಾರದ ಡಬ್ಬಿ, ಓದಿ ಮುಗಿಸಿ ಬೇರೆಯವರ ಜೊತೆ ಬದಲಾಯಿಸಿಕೊಳ್ಳಲು ಒಂದು ಪುಸ್ತಕ. ಒಂದು ಒಳಗೆ ಬಂದರೆ ಒಂದು ಹೊರಗೆ ಹೋಗಬೇಕು. ಗಡಿಯಾರದವನು ಪ್ರೀತಿಯಿಂದ ಒಂದು ಅಲಾರಂ ಕೊಟ್ಟಾಗ ಏನನ್ನು ಬಿಡಲಿ ಎಂದು ಅರ್ಧ ದಿನ ಯೋಚಿಸಿ, ಕೊನೆಗೆ ಅವನ ಚರ್ಮದ ಚೀಲದ ಹಿಡಿ ಹೊಲಿದುಕೊಟ್ಟು ಅಲಾರಮ್ಮನ್ನೂ ಅವನಿಗೇ ವಾಪಸ್ ಕೊಟ್ಟೆ. ಚೀಲ ಹಗುರವಾದಷ್ಟೂ ಕಣ್ಣಿಗೆ ಬಿಡುವು ಸಿಗುತ್ತದೆ, ಇದು ಮಾತ್ರ ನಿಜ. ಕಾಯಲು ಏನೂ ಇಲ್ಲದಿದ್ದರೆ ಬೀದಿಯಲ್ಲಿ ನಿಂತು ಎಷ್ಟು ಹೊತ್ತಾದರೂ ನೋಡಬಹುದು. ಪ್ರತಿ ಊರಿನಲ್ಲೂ ಪರಿಚಯವಾದವರನ್ನು ಒಂದೇ ಪ್ರಶ್ನೆ ಕೇಳುತ್ತೇನೆ: ನಿಮ್ಮ ಮನೆಯಲ್ಲಿ ಏನಿಲ್ಲದಿದ್ದರೂ ನಡೆಯುತ್ತದೆ? ಇಲ್ಲಿನ ಲಾಂಡ್ರಿಯಮ್ಮ ಹಿಂದೆ ಮುಂದೆ ನೋಡದೆ, ಗಂಡ ಎಂದಳು. ಆಮೇಲೆ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ, ಇಲ್ಲ ಇಲ್ಲ, ಬೆಳಿಗ್ಗೆ ಬಾಯ್ಲರ್ ಹಚ್ಚೋನು ಅವನೇ, ಇರಲಿ ಎಂದಳು.

ಈ ಲಾಂಡ್ರಿಯಮ್ಮ ನನ್ನ ಮನೆಯೊಡತಿ. ದಪ್ಪ ತೋಳು, ದೊಡ್ಡ ಬಾಯಿ, ನಿನಗೆ ಸರಿಯಾದ ಜೋಡಿ. ಹೋಟೆಲುಗಳ ಹಾಸಿಗೆ ಬಟ್ಟೆಗಳನ್ನು ಕಿಲೋ ಲೆಕ್ಕದಲ್ಲಿ ಒಗೆಯುತ್ತಾಳೆ. ಬಾಯ್ಲರಿನ ಬಿಸಿ ಕೊಳವೆ ನನ್ನ ಕೋಣೆಯ ಗೋಡೆಯೊಳಗೇ ಹೋಗುತ್ತದೆ. ಬೆಳಿಗ್ಗೆ ಅದಕ್ಕೆ ಮಂಡಿ ಒತ್ತಿಕೊಂಡು ಕೂತರೆ ನೋವು ಇಳಿಯುತ್ತದೆ. ಬಂದ ದಿನ ಅವಳಿಗೆ ನನ್ನ ಏಳು ಕಿಲೋ ನಿಯಮ ಹೇಳಿ ಜಂಬ ಕೊಚ್ಚಿಕೊಂಡೆ. ಅವಳು ಚೀಲವನ್ನು ಒಂದೇ ಕೈಯಲ್ಲಿ ಎತ್ತಿ ನೋಡಿ, ಇದು ಏಳಿಲ್ಲ ಎಂದಳು. ಇದೆ ಎಂದೆ. ದಿನವಿಡೀ ಭಾರ ಎತ್ತೋ ಕೈ ಇದು, ನನಗೇ ಹೇಳ್ತೀರಾ ಎಂದು ಕೌಂಟರಿನ ತಕ್ಕಡಿಗೆ ಹಾಕಿದಳು. ಆರು ಕಿಲೋ ನಾನೂರೈವತ್ತು. ನಾನು ಕೊಕ್ಕೆ ತಕ್ಕಡಿ ತಂದು ನೇತುಹಾಕಿದೆ. ಸರಿಯಾಗಿ ಏಳು. ನಿಮ್ಮ ತಕ್ಕಡಿಗೆ ವಯಸ್ಸಾಗಿದೆ ಎಂದು ಅವಳು, ನಿಮ್ಮದು ಸೋಪಿನ ನೀರು ಕುಡಿದು ಕೆಟ್ಟಿದೆ ಎಂದು ನಾನು. ಒಗೆಯಲು ಬಂದ ಬಟ್ಟೆಯ ಗಂಟುಗಳು ಸಾಲಾಗಿ ಕಾಯುತ್ತಿದ್ದವು, ನಾವು ಜಗಳ ಬಿಡಲಿಲ್ಲ.

ಪಾರ್ಸಲ್ ಆಫೀಸಿನ ತಕ್ಕಡಿಗೆ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿ ಸೀಲು ಒತ್ತುತ್ತಾರಂತೆ. ಮೊನ್ನೆ ಶನಿವಾರ ಕೊಕ್ಕೆ ತಕ್ಕಡಿ ಹಿಡಿದುಕೊಂಡು ಅಲ್ಲಿಗೆ ಹೋದೆ. ಗುಮಾಸ್ತ ಚಿಕ್ಕ ವಯಸ್ಸಿನವನು, ಕೆಲಸ ಕಡಿಮೆ ಇತ್ತು, ಅವನಿಗೂ ಮೋಜೆನಿಸಿತು. ಖಾಲಿ ಇದ್ದಾಗ ನಮ್ಮ ತಕ್ಕಡಿಯ ಮುಳ್ಳು ಸೊನ್ನೆಯಲ್ಲೇ ನಿಲ್ಲುತ್ತದೆ, ಸಾಧುವಿನ ಹಾಗೆ. ಭಾರ ಬಿದ್ದ ಕೂಡಲೇ ಹೆಚ್ಚು ಹೇಳುತ್ತದೆ. ಸ್ಪ್ರಿಂಗು ಸಡಿಲವಾಗಿದೆ ಎಂದ. ನಾನು ಅವನಿಗೆ ಇನ್ನೊಂದು ಕೆಲಸ ಹೇಳಿದೆ. ಒಂದು ಗೋಣಿಗೆ ಚಿಕ್ಕ ಚಿಕ್ಕ ಕಟ್ಟುಗಳನ್ನು ತುಂಬುತ್ತ ಹೋಗಿ, ಕೊಕ್ಕೆಯಲ್ಲಿ ಮುಳ್ಳು ಏಳು ಕಿಲೋ ಆರುನೂರಕ್ಕೆ ಬಂದು ನಿಂತಾಗ ಅದನ್ನೇ ನಿಮ್ಮ ತಕ್ಕಡಿಗೆ ಹಾಕಪ್ಪ ಎಂದೆ. ಹಾಕಿದ. ಏಳು ಕಿಲೋ. ಕೂದಲೆಳೆಯಷ್ಟೂ ಆಚೆ ಈಚೆ ಇಲ್ಲ. ನನಗೆ ಎಷ್ಟು ಆಶ್ಚರ್ಯವಾಯಿತು ಗೊತ್ತೇ!

"ಇದನ್ನಿಟ್ಟುಕೊಂಡು ಎಷ್ಟು ಜನಕ್ಕೆ ಟೋಪಿ ಹಾಕಿದ್ದೀರಿ ಅಮ್ಮ?" ಎಂದು ಗುಮಾಸ್ತ ನಕ್ಕ.

ತಮಾಷೆಗೆ ಹೇಳಿದ್ದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನಗೆ ಮುಖವೆಲ್ಲ ಬಿಸಿಯಾಯಿತು. ತಕ್ಕಡಿಯನ್ನು ಅವನ ಮೇಜಿನ ಮೇಲೇ ಬಿಟ್ಟು ಬಂದೆ.

ಹಾಗಾಗಿ, ಗುಬ್ಬಿ, ನಿನ್ನ ಚೀಲ ಅವತ್ತು ಸರಿಯಾಗಿಯೇ ಇತ್ತು. ಕಾಳಿನ ಅಂಗಡಿಯವನದೂ ಸರಿ, ನಿನ್ನದೂ ಸರಿ. ತಪ್ಪು ತಕ್ಕಡಿಯದು. ಅಷ್ಟು ಜನರ ಎದುರು ನಿನ್ನ ಸಾಮಾನು ತೆಗೆಸಿದ್ದಕ್ಕೆ ಅಕ್ಕನಾಗಿ ಕ್ಷಮೆ ಕೇಳುತ್ತೇನೆ. ರೇಡಿಯೋ ತಾ, ಹಗ್ಗ ತಾ, ಇಲ್ಲಿ ಬಟ್ಟೆ ಒಣಗಿಸಲು ಜಾಗವೂ ಇದೆ. ಲಾಂಡ್ರಿಯಮ್ಮನಿಗೆ ನೀನು ಬರುವುದಾಗಿ ಹೇಳಿದ್ದೇನೆ. ಅವಳು ಆಗಲೇ ಕಿಟಕಿ ಪಕ್ಕದ ಮಂಚಕ್ಕೆ ಒಗೆದ ಹೊದಿಕೆ ಹಾಸಿದ್ದಾಳೆ.

ಮಳೆ ಶುರುವಾಗುವ ಮೊದಲು ಹಿತ್ತಿಲ ಬಾಗಿಲ ಕೀಲಿಗೆ ಎಣ್ಣೆ ಬಿಡು. ಹೊತ್ತಿಗೆ ಸರಿಯಾಗಿ ಊಟ ಮಾಡು. ಆರೋಗ್ಯ, ಆಯಸ್ಸು, ಬಾಯಿತುಂಬ ಮಾತು, ಎಲ್ಲವೂ ನಿನಗೆ ಹೆಚ್ಚಾಗಲಿ.

ಇಂತಿ ನಿನ್ನ ಉತ್ತರದ ದಾರಿ ಕಾಯುವ
ಅಕ್ಕ

ತಾ.ಕ. ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಮೇಲೆ ಬರೆದದ್ದರಲ್ಲಿ ಒಂದು ಸುಳ್ಳಿದೆ. ಪಾರ್ಸಲ್ ಆಫೀಸಿಗೆ ಹೋದದ್ದು ನಿಜ. ಅಲ್ಲಿ ನನಗೆ ಆಶ್ಚರ್ಯವಾಯಿತು ಎಂದದ್ದು ಸುಳ್ಳು. ಹನ್ನೊಂದು ವರ್ಷದ ಹಿಂದೆ ನೀನು ಜ್ವರ ಬಂದು ಮನೆಯಲ್ಲಿ ಮಲಗಿದ್ದ ವಾರ ಆ ತಕ್ಕಡಿ ನನ್ನ ಕೈಜಾರಿ ಅಂಗಡಿಯ ಕಲ್ಲುನೆಲಕ್ಕೆ ಬಿತ್ತು. ಅದು ಹೆಚ್ಚು ತೋರಿಸುತ್ತದೆಂದು ಅವತ್ತಿನಿಂದಲೂ ನನಗೆ ಗೊತ್ತು. ತೂಗುವ ಕೆಲಸ ನನ್ನದೇ ಆದ್ದರಿಂದ ನಿನಗೆ ಗೊತ್ತಾಗಲಿಲ್ಲ. ಬಂದ ಗಿರಾಕಿಗಳಿಗೆಲ್ಲ ಮನಸ್ಸಿನಲ್ಲೇ ಅಂದಾಜಿಗೆ ಅಷ್ಟಿಷ್ಟು ಕಳೆದು ತೂಕ ಹೇಳುತ್ತಿದ್ದೆ. ನಿನಗೊಬ್ಬಳಿಗೆ ಕಳೆಯಲಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ.

ಐವತ್ತೆಂಟು ವರ್ಷ, ನೀನು ಹುಟ್ಟಿದ ದಿನದಿಂದ, ನಾವಿಬ್ಬರೂ ಒಂದೇ ಕೋಣೆಯಲ್ಲಿ ಮಲಗಿದವರು. ಒಬ್ಬಳೇ ಇದ್ದರೆ ಕೋಣೆ ಹೇಗಿರುತ್ತದೆ, ಯಾರಿಗೂ ಉತ್ತರ ಕೊಡದೆ ಒಂದು ಬೀದಿ ನೋಡಿದರೆ ಹೇಗಿರುತ್ತದೆ, ಅದನ್ನು ತಿಳಿಯುವ ಆಸೆ ನನಗೆ ಎಷ್ಟೋ ವರ್ಷಗಳಿಂದ ಇತ್ತು. ನಿನ್ನ ಮುಖ ನೋಡಿಕೊಂಡು ಹೇಳಲು ಧೈರ್ಯವಿರಲಿಲ್ಲ, ತಕ್ಕಡಿಯಿಂದ ಹೇಳಿಸಿದೆ. ರೈಲು ಹೊರಟ ಮೇಲೆ ನಿನ್ನ ಖಾಲಿ ಸೀಟಿನ ಮೇಲೆ ಕಾಲು ಚಾಚಿ ಮಲಗಿದೆ. ಒಳ್ಳೆಯ ನಿದ್ದೆ ಬಂತು. ಅದನ್ನೂ ನಿನಗೆ ಹೇಳಲೇಬೇಕು.

ಪಾರ್ಸಲ್ ಆಫೀಸಿಗೆ ಯಾಕೆ ಹೋದೆ ಗೊತ್ತೇ? ನಿನ್ನ ಚೀಲ ಏಳರ ಮೇಲೆ ಐವತ್ತು ಗ್ರಾಮಾದರೂ ಹೆಚ್ಚಿದ್ದಿರಲಿ, ನನ್ನ ತಪ್ಪು ಅಷ್ಟಾದರೂ ಕಡಿಮೆಯಾಗಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡು ಹೋದೆ. ನೀನು ಹೇಳಿದ ಹಾಗೆ ಸರಿಯಾಗಿ ಏಳೇ ಇತ್ತು.

ಒಬ್ಬಳೇ ಇರುವುದು ಹೇಗೆಂದು ನೋಡಿದ್ದಾಯಿತು. ಕೆಟ್ಟದ್ದೇನಲ್ಲ. ಆದರೆ ಹಗ್ಗದ ಮುದುಕ ಓಣಿ ದಾಟಿಲ್ಲ ಎಂದಾಗ ನಗು ಬಂದು ಪಕ್ಕಕ್ಕೆ ತಿರುಗಿದೆ, ಯಾರೂ ಇರಲಿಲ್ಲ. ಆ ನಗು ಅಲ್ಲೇ ಅರ್ಧಕ್ಕೆ ನಿಂತಿತು. ಇದನ್ನೆಲ್ಲ ಓದಿದ ಮೇಲೆ ನೀನು ಬರದಿದ್ದರೆ ನಾನು ಕೇಳುವುದಿಲ್ಲ, ಕೇಳುವ ಹಕ್ಕೂ ನನಗಿಲ್ಲ.

ಕಿಟಕಿ ಪಕ್ಕದ ಮಂಚದ ಮೇಲೆ ಇಷ್ಟು ದಿನ ನನ್ನ ಚೀಲ ಇಡುತ್ತಿದ್ದೆ. ಈಗ ನೆಲಕ್ಕಿಟ್ಟಿದ್ದೇನೆ.