ಏಳನೇ ತಿರುವಿನ ಅಬ್ಬಿಯ ಬಳಿ ಕಾರು ನಿಲ್ಲಿಸಿದವರಿಗೆ

ಬಡಗಾಡು, ಏಳನೇ ತಿರುವು
೨೧೮೬ನೇ ಇಸವಿ, ಎರಡನೇ ಬೇಸಿಗೆಯ ಹನ್ನೊಂದನೇ ದಿನ

ಕಾರು ನಿಲ್ಲಿಸಿ ಇಳಿದವರಿಗೆ,

ಹೊನ್ನವ್ವ ಬರೆಯುವುದು. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಅದಕ್ಕೆ ಕ್ಷಮೆ ಇರಲಿ. ನಮಗೆ ವರ್ಷಕ್ಕೆ ಎರಡು ಬೇಸಿಗೆ. ಮೊದಲನೆಯದರಲ್ಲಿ ಕೆರೆ ಬತ್ತುತ್ತದೆ, ಎರಡನೆಯದರಲ್ಲಿ ಬಾವಿ. ನೀವು ಉತ್ತರ ಕನ್ನಡ ಎನ್ನುತ್ತಿದ್ದ ಜಿಲ್ಲೆಯ ಕಾಡನ್ನು ನಾವು ಬಡಗಾಡು ಎನ್ನುತ್ತೇವೆ. ಈ ಕಾಗದ ಹಿಂದಕ್ಕೆ ಹೇಗೆ ಬಂತು ಎಂದು ತಲೆ ಕೆಡಿಸಿಕೊಳ್ಳಬೇಡಿ. ನೀವು ಎಸೆದದ್ದು ಇಷ್ಟು ದೂರ ಮುಂದಕ್ಕೆ ಬಂದಿರುವಾಗ ನಾನು ಬರೆದದ್ದು ಹಿಂದಕ್ಕೆ ಬಂದರೆ ಏನು ಮಹಾ. ಕ್ಷಮೆ ಕೇಳುವುದು ಇಲ್ಲಿಗೆ ಮುಗಿಯಿತು. ಮುಂದೆ ಬರೆಯುವುದಕ್ಕೆ ನಾನು ಕ್ಷಮೆ ಕೇಳುವವಳಲ್ಲ.

ನಮ್ಮದು ಗದಗದ ಕಡೆಯ ನೀರೊಕ್ಕಲು. ಎಂದರೆ ನೀರು ಎಲ್ಲಿದೆಯೋ ಅಲ್ಲಿಗೆ ಮನೆಮಂದಿ, ಮೇಕೆ, ಬೀಸುವ ಕಲ್ಲು ಸಮೇತ ಹೋಗಿ ನೆಲೆಸುವ ಗುಂಪು. ಆಗ ಐವತ್ತಮೂರು ಜನ ಇದ್ದೆವು. ಹೊಸ ನೀರು ಸಿಕ್ಕ ಕೂಡಲೇ ನಾವು ಬಾಯಿಗೆ ಹಾಕುವುದಿಲ್ಲ. ನಿಮ್ಮ ಕಾಲದ ಔಷಧಿ, ಎಣ್ಣೆ, ಬಣ್ಣ ಎಲ್ಲೆಲ್ಲಿ ಇಂಗಿವೆಯೋ ಯಾರಿಗೆ ಗೊತ್ತು. ಮೊದಲು ಏಡಿ ಬಿಡುತ್ತೇವೆ. ಅದು ಗಡಿಗೆಯಲ್ಲಿ ಸಾಕಿ, ಸಜ್ಜೆ ಹಿಟ್ಟಿನ ಉಂಡೆಗೆ ರೂಢಿ ಮಾಡಿಸಿದ ಏಡಿ. ಗುರುತಿಗೆ ಬೆನ್ನ ಮೇಲೆ ಕೆಂಪು ಅರಗಿನ ಬೊಟ್ಟು ಇಟ್ಟಿರುತ್ತೇವೆ. ಎಂಟು ಸಂಜೆ ಅದು ದಡಕ್ಕೆ ಬಂದು ಉಂಡೆ ತಿಂದರೆ ಆ ನೀರು ನಮ್ಮದು. ಒಂದು ಸಂಜೆ ತಪ್ಪಿದರೂ ಮರುದಿನ ಗಂಟುಮೂಟೆ ಕಟ್ಟಬೇಕು. ಬರದ ಏಡಿಯನ್ನು ಹುಡುಕುವ ಪದ್ಧತಿ ನಮ್ಮಲ್ಲಿಲ್ಲ, ಏಕೆಂದರೆ ಹುಡುಕಲು ಹೊರಟವರು ಉಳಿಯುವುದಕ್ಕೆ ನೆಪ ಹುಡುಕುತ್ತಾರೆ. ಹಾಗೆ ನೆಪ ಹುಡುಕಿ ಉಳಿದ ಒಂದು ಒಕ್ಕಲಿನಲ್ಲಿ ಒಂಬತ್ತು ಕೂಸುಗಳು ಸತ್ತಿದ್ದವು. ಏಡಿ ಸಾಕುವವಳು ನಾನು. ಇರುವುದೋ ಹೋಗುವುದೋ ಎಂದು ಹೇಳಬೇಕಾದವಳೂ ನಾನೇ.

ಮೂರು ವರ್ಷದ ಹಿಂದೆ ಘಟ್ಟದ ರಸ್ತೆ ಹಿಡಿದು ಇಲ್ಲಿಗೆ ಬಂದೆವು. ನನ್ನ ಅವ್ವ ಫಕೀರವ್ವನಿಗೆ ಆಗ ಎಪ್ಪತ್ತೊಂದು. ಮೊಣಕಾಲು ಎರಡೂ ಊದಿಕೊಂಡಿದ್ದವು. ಏಳನೇ ತಿರುವಿನಲ್ಲಿ ನೀರಿನ ಸದ್ದು ಕೇಳಿದ್ದೇ ರಸ್ತೆಯ ಮೇಲೆ ಕುಳಿತುಬಿಟ್ಟಳು. “ಇನ್ನ ನಾ ಮುಂದ ಹೋಗಂಗಿಲ್ಲ ಹೊನ್ನವ್ವ, ಇಲ್ಲೇ ಇದ್ದ ಬಿಡೋಣು,” ಎಂದಳು. ಎಲ್ಲರಿಗೂ ಅದೇ ಆಸೆ. ಎರಡನೇ ಬೇಸಿಗೆಯಲ್ಲೂ ಕಪ್ಪು ಬಂಡೆಯ ಮೇಲಿಂದ ನೀರು ಧುಮುಕುತ್ತಿತ್ತು. ಅದನ್ನು ನೋಡಿ ಗಂಡಸರೂ ಅತ್ತರು. ಆಮೇಲೆ ಕಣ್ಣು ಕೆಳಗೆ ಹೋಯಿತು.

ಎಂಥ ಜನರಪ್ಪಾ ನೀವು! ರಸ್ತೆಯಿಂದ ನೀರಿನ ಗುಂಡಿಗೆ ಮೂವತ್ತು ಹೆಜ್ಜೆ, ಅಷ್ಟರಲ್ಲಿ ಒಂದು ಹೆಜ್ಜೆಯೂ ಮಣ್ಣಿನ ಮೇಲೆ ಬೀಳಲಿಲ್ಲ. ಪ್ಲಾಸ್ಟಿಕ್, ಅದರ ಮೇಲೆ ಎಲೆ, ಅದರ ಮೇಲೆ ಮತ್ತೆ ಪ್ಲಾಸ್ಟಿಕ್; ಸಲಿಕೆ ಹಾಕಿದರೆ ಪದರಪದರವಾಗಿ ಎದ್ದು ಬರುತ್ತಿತ್ತು. ಕುರುಕಲು ತಿಂಡಿಯ ಪೊಟ್ಟಣಗಳ ಮೇಲಿನ ಅಕ್ಷರ ಇನ್ನೂ ಓದಲು ಬರುತ್ತಿತ್ತು: ತಯಾರಾದ ನಾಲ್ಕು ತಿಂಗಳೊಳಗೆ ತಿನ್ನಿ. ತಿಂಡಿಗೆ ನಾಲ್ಕು ತಿಂಗಳು, ಪೊಟ್ಟಣಕ್ಕೆ ನೂರೈವತ್ತು ವರ್ಷ ದಾಟಿದರೂ ಸಾವಿಲ್ಲ. ಕೂಸುಗಳಿಗೆ ಒಮ್ಮೆ ತೊಡಿಸಿ ಬಿಸಾಡುವ ಚಡ್ಡಿಗಳನ್ನು ಹೇಲು ಸಮೇತ ಸುತ್ತಿ, ಉಂಡೆ ಮಾಡಿ, ಬಂಡೆಯ ಸಂದಿಗೆ ತುರುಕಿದ್ದಿರಿ. ಎಸೆದವರನ್ನಾದರೂ ಸೋಮಾರಿಗಳು ಎಂದು ಬಿಡಬಹುದು. ತುರುಕಿದವರು ಅಷ್ಟೊಂದು ಶ್ರಮಪಟ್ಟಿದ್ದಾರಲ್ಲ! ನೀರು ಬೀಳುವ ಬಂಡೆಗೆ ಉಳಿಯಿಂದ ಹೆಸರು ಕೊರೆದಿದ್ದಿರಿ, ಸುತ್ತ ಹೃದಯದ ಚಿತ್ರ ಬೇರೆ. ಅಬ್ಬಿ ನೋಡಲು ಬರುವಾಗ ಮನೆಯಿಂದ ಉಳಿ, ಸುತ್ತಿಗೆ ತಂದವನ ತಲೆಯಲ್ಲಿ ಏನಿತ್ತೆಂದು ನಾನು ಬಹಳ ಯೋಚಿಸಿದ್ದೇನೆ. ಇಲ್ಲಿನ ಮಂಗಗಳು ಈಗಲೂ ಪೊಟ್ಟಣ ಕಂಡರೆ ಕೈ ತೂರಿಸಿ ತಡಕುತ್ತವೆ. ಅವುಗಳ ಮುತ್ತಜ್ಜಂದಿರೂ ಅದರಲ್ಲಿ ತಿಂಡಿ ಕಂಡವರಲ್ಲ, ಆದರೂ ನೀವು ಕಲಿಸಿದ ವಿದ್ಯೆ ಹೋಗಿಲ್ಲ. ಇನ್ನು ಗಾಜಿನ ಮಾತು ಬೇಡ. ಮೊದಲ ದಿನವೇ ನಾಲ್ವರ ಪಾದ ಕೊಯ್ದುಕೊಂಡಿತು. ಗಾಯ ಕಟ್ಟಲು ಅವರನ್ನು ಪಕ್ಕಕ್ಕೆ ಕರೆದೊಯ್ದೆ, ಅಲ್ಲಿಯೂ ನಿಮ್ಮ ತಟ್ಟೆಗಳೇ ಇದ್ದವು.

ಆರು ಸಂಜೆ ಏಡಿ ಬಂತು. ಏಳನೇ ಸಂಜೆ ಬರಲಿಲ್ಲ. ಉಂಡೆ ಹಿಡಿದು ಕತ್ತಲಾಗುವವರೆಗೆ ಕುಳಿತಿದ್ದು, ಬೆಳಿಗ್ಗೆ ಹೊರಡಬೇಕೆಂದು ಹೇಳಿದೆ. ಇಷ್ಟು ಹೊಲಸಿನ ನಡುವೆ ನೀರು ಕೆಡದೆ ಉಳಿದೀತೇ ಎಂದು ಎಲ್ಲರೂ ತಲೆಯಾಡಿಸಿದರು. ಅವ್ವ ಒಬ್ಬಳೇ ಒಪ್ಪಲಿಲ್ಲ. “ನಾ ಬಂದ ದಿನದಿಂದ ಕದ್ದ ಕುಡ್ಯಾಕತ್ತೇನಿ. ನನಗೇನಾಗೇತಿ? ನೀರು ಸಿಹಿ ಐತಿ, ನನ್ನ ಮಾತ ಕೇಳ,” ಎಂದಳು. “ಸುಮ್ನಿರ ಬೇ ಯವ್ವಾ, ಒಂಬತ್ತ ಕೂಸು ಸತ್ತದ್ದು ಮರ್ತಿಯೇನ?” ಎಂದು ಎಲ್ಲರೆದುರು ಗದರಿಸಿದೆ. ಕಂಬಳಿಯಲ್ಲಿ ಜೋಲಿ ಕಟ್ಟಿ ಅವಳನ್ನು ಹೊತ್ತುಕೊಂಡು ಹೊರಟೆವು. ಗೊತ್ತಿದ್ದ ಮುಂದಿನ ನೀರು ಒಂಬತ್ತು ದಿನದ ದಾರಿ. ನಾಲ್ಕನೇ ದಿನ, ಪಾಲಿಗೆ ಬಂದ ನೀರು ಗಂಟಲಿಗೆ ಇಳಿಯುವಷ್ಟೂ ಇಲ್ಲದೆ ಅವ್ವ ಸತ್ತಳು. ಕೊನೆಗೆ ಏನು ಕೇಳಿದಳೆಂದು ಬರೆಯಲು ನನ್ನಿಂದಾಗದು.

ಹೋದ ವರ್ಷ ಗಾಜು ಆರಿಸಲು ಮತ್ತೆ ಇಲ್ಲಿಗೆ ಬಂದೆ. ಕುಲುಮೆಯವರು ಗಾಜಿಗೆ ಬದಲು ಸಜ್ಜೆ ಕೊಡುತ್ತಾರೆ. ಗುಂಡಿಯ ಅಂಚಿನಲ್ಲಿ, ಬೇರಿನ ಕೆಳಗೆ, ಅಗಲ ಬಾಯಿಯ ಒಂದು ಬಾಟಲಿ ಓರೆಯಾಗಿ ಸಿಕ್ಕಿಕೊಂಡಿತ್ತು. ಬಾಯಿ ಮೇಲೆ, ಒಳಗೆಲ್ಲ ಪಾಚಿ. ಏಡಿಗೆ ಬಿಲ ಬೇಕು. ನಿಮ್ಮ ಬಾಟಲಿ ಬಿಲದ ಹಾಗೆಯೇ ಇತ್ತು. ಇಳಿಯಬಹುದು, ಜಾರುವ ಗಾಜಿನ ಮೇಲೆ ಹತ್ತಿ ಬರಲಾಗದು. ಅಲುಗಾಡಿಸಿದಾಗ ಸುಂಡಿಲಿಯ ಮೂಳೆ, ಬಸವನಹುಳುವಿನ ಚಿಪ್ಪು ಉದುರಿದವು. ಕೊನೆಗೆ ಒಂದು ಏಡಿಯ ಚಿಪ್ಪು ಬಿತ್ತು. ಬೆನ್ನ ಮೇಲೆ ಕೆಂಪು ಅರಗಿನ ಬೊಟ್ಟು ಇತ್ತು.

ಸಿಕ್ಕ ಬಾಟಲಿಗಳನ್ನೆಲ್ಲ ಹೊರಗೆ ಹಾಕಿ ಇನ್ನೊಂದು ಏಡಿ ಬಿಟ್ಟೆ. ಎಂಟು ಸಂಜೆಯೂ ಬಂದು ಹೊಟ್ಟೆತುಂಬ ತಿಂದು ಹೋಯಿತು. ಈಗ ನಮ್ಮ ಐವತ್ತೆರಡು ಜನರೂ ಇಲ್ಲೇ ಇದ್ದೇವೆ, ಇದೇ ನೀರು ಕುಡಿಯುತ್ತೇವೆ. ಸಿಹಿಯಾಗಿದೆ. ಪ್ರತಿ ಗುಟುಕಿಗೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಮೂರು ಹೆಜ್ಜೆ ಆಚೆ ಕೈ ಹಾಕಿ ಹುಡುಕಿದ್ದರೆ ಏಡಿ ಜೀವಂತ ಸಿಗುತ್ತಿತ್ತು.

ಆ ಬಾಟಲಿಯವನು ಕೆಟ್ಟವನೇ ಆಗಿರಲಿಕ್ಕಿಲ್ಲ. ಅವನ ಅವ್ವನೂ ಕಾರಿನಲ್ಲೇ ಕುಳಿತು, ಕಾಲುನೋವು, ನೀನು ನೋಡಿಕೊಂಡು ಬಾ ಎಂದಿರಬಹುದು. ಅವಳಿಗೆ ಅವನು ಬೊಗಸೆಯಲ್ಲಿ ಈ ನೀರನ್ನೇ ತಂದು ಕುಡಿಸಿರಲೂಬಹುದು. ಹೀಗೆಲ್ಲ ಯೋಚಿಸಿದರೆ ಅಸಹ್ಯ ಕಡಿಮೆಯಾಗುತ್ತದೆಂದು ನಮ್ಮವರು ಹೇಳುತ್ತಾರೆ. ನನಗೆ ಹೆಚ್ಚಾಗುತ್ತದೆ.

ಎಸೆಯಬೇಡಿ ಎಂದು ನಾನು ಕೇಳುವುದಿಲ್ಲ. ನಿಮ್ಮ ರಾಶಿ ಅಗೆದವಳು ನಾನು, ನೀವು ಎಂಥವರೆಂದು ಗೊತ್ತಿದೆ. ಎಸೆಯಿರಿ. ಎಸೆಯುವ ಮೊದಲು ಮುಚ್ಚಳವನ್ನಾದರೂ ತಿರುಗಿಸಿ ಹಾಕಿ.

ಫಕೀರವ್ವನ ಮಗಳು
ಹೊನ್ನವ್ವ